ಬಲಗಡೆ ಬಿದ್ದ ಜಾಹೀರಾತು

2004ರ ಆಗಸ್ಟ್ ತಿಂಗಳ ಒಂದು ಗುರುವಾರ ಬೆಳಿಗ್ಗೆ, ಹೊಸೂರು ಬಸ್ ನಿಲ್ದಾಣದ ಹಿಂದಿನ ಬ್ರೌಸಿಂಗ್ ಸೆಂಟರಿನಲ್ಲಿ, ಬೊಜ್ಜು ಕರಗಿಸುವ ಮಾತ್ರೆಯ ಜಾಹೀರಾತೊಂದು ಕಂಪ್ಯೂಟರ್ ಪರದೆಯ ಬಲ ಮೂಲೆಗೆ ಬಿದ್ದು ನನ್ನ ತಂಗಿಯ ಮದುವೆ ಮುರಿಯಿತು. ಮುರಿದೇ ಇದ್ದದ್ದು ಸುಮಾರು ಕಾಲು ಗಂಟೆ.

ಸ್ಥಳದಲ್ಲಿ ನಾಲ್ಕು ಮಂದಿ ಇದ್ದೆವು: ನಾನು, ಅವ್ವ, ಸೆಂಟರಿನ ಮಾಲೀಕ, ಗಂಡಿನ ತಾತ. ತಾತ ತಳಿ ಕಡೆಯ ಹಳ್ಳಿಯವರು, ಊರಮ್ಮನ ಗುಡಿಯ ಪೂಜಾರಿ. ಆ ಮನೆಗೆ ಸೊಸೆ ತರುವುದಿರಲಿ, ಎಮ್ಮೆ ತರುವುದಿರಲಿ, ಮೊದಲು ಅಮ್ಮನ ಹತ್ತಿರ ಹೂ ಕೇಳಬೇಕು. ವಿಗ್ರಹದ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿ, ವಿಷಯವನ್ನು ಬಾಯಿಬಿಟ್ಟು ಹೇಳಿ, ಕೈಮುಗಿದು ಕೂರಬೇಕು. ಬಲಭುಜದ ಹೂ ಬಿದ್ದರೆ ಅಪ್ಪಣೆ. ಎಡದ್ದು ಬಿದ್ದರೆ ಇಲ್ಲ. ನಮ್ಮ ವಿಷಯದಲ್ಲಿ ಮೂರು ಶುಕ್ರವಾರ ಕೇಳಿದರೂ ಯಾವ ಹೂವೂ ಬಿದ್ದಿರಲಿಲ್ಲ. ತಳಿಯ ಥಂಡಿಗೆ ಹೂವಿನ ತೇವ ಆರಿರಲಿಕ್ಕಿಲ್ಲ ಎಂದು ನಾನು ಮನೆಯಲ್ಲಿ ಹೇಳಿದೆ. ಅವ್ವ ಸೌಟು ಎತ್ತಿದಳು.

ಹುಡುಗ ಹೊಸೂರಿನ ಒಂದು ಕಾರ್ಖಾನೆಯಲ್ಲಿ ಲೇತ್ ನೋಡಿಕೊಳ್ಳುತ್ತಿದ್ದ. ತಂಗಿ ಗುಲಾಬಿ ಹೂ ಪ್ಯಾಕ್ ಮಾಡುವ ಶೆಡ್ಡಿಗೆ ಹೋಗುತ್ತಿದ್ದಳು. ಇಬ್ಬರೂ ಎರಡು ವರ್ಷ ಒಂದೇ ಬಸ್ಸಿನಲ್ಲಿ ಓಡಾಡಿದ್ದರು. ಅದರಾಚೆಗಿನ ವಿವರ ನನಗೆ ಗೊತ್ತಿಲ್ಲ, ಖಚಿತಪಡಿಸಿಕೊಳ್ಳಲೂ ಹೋಗಲಿಲ್ಲ. ಅದಕ್ಕೆ ಮುಂಚೆ ಬಂದ ಎರಡು ಸಂಬಂಧಗಳನ್ನು ಅವಳು ಕಾಫಿ ಲೋಟ ಎತ್ತುವ ಮೊದಲೇ ಬೇಡ ಎಂದಿದ್ದಳು. ಇದಾಗದಿದ್ದರೆ ಮತ್ತೊಂದಿಲ್ಲ ಎಂದೂ ಹೇಳಿದ್ದಳು. ಹುಡುಗನನ್ನು ಕಾರ್ಖಾನೆಯವರು ಆರು ತಿಂಗಳ ತರಬೇತಿಗೆ ಪುಣೆಗೆ ಕಳಿಸಿದ್ದರು. ಅಮ್ಮ ಹೂ ಕೊಡದೆ ಸತಾಯಿಸುತ್ತಿರುವುದು ತಿಳಿದು ಅವನು ಒಪ್ಪಿಗೆಯನ್ನು ಕೈಯಲ್ಲಿ ಬರೆದು, ಸ್ಕ್ಯಾನ್ ಮಾಡಿಸಿ, ನನ್ನ ಮೇಲ್‌ಗೆ ಹಾಕಿದ್ದ. ಎರಡೂ ಮನೆಗೆ ಸೇರಿ ಮೇಲ್ ವಿಳಾಸ ಇದ್ದದ್ದು ನನಗೊಬ್ಬನಿಗೆ.

‘ಹುಡ್ಗ ಬರ್ದವ್ನೆ ಅಂದ್ರೆ ಸಾಲ್ದು. ಅವನ ಕೈಬರಹ ನಾನು ಕಣ್ಣಲ್ಲಿ ನೋಡ್ಬೇಕು’ ಎಂದು ತಾತ ಮೊದಲ ಬಸ್ಸಿಗೇ ಇಳಿದಿದ್ದರು. ಕೆಲಸಕ್ಕೆ ಹೊರಟಿದ್ದ ತಂಗಿ ಬಾಗಿಲಲ್ಲಿ ನಿಂತು ನನಗೆ ಹೇಳಿದ್ದು ಒಂದೇ ಮಾತು: ‘ಅಣ್ಣ, ಬುದ್ಧಿವಂತಿಕೆ ತೋರ್ಸಿ ಕೆಡಿಸ್ಬೇಡ.’

ಆಗ ನಾನು ಬೆಂಗಳೂರಿನ ಒಂದು ಪತ್ರಿಕೆಗೆ ಹೊಸೂರಿನಿಂದ ಸುದ್ದಿ ಕಳಿಸುತ್ತಿದ್ದೆ. ಡೆಂಕಣಿಕೋಟೆಯಲ್ಲಿ ಆನೆ ರಾಗಿ ಹೊಲಕ್ಕೆ ನುಗ್ಗಿದರೆ ಎಷ್ಟು ಆನೆ, ಯಾವ ಕಡೆಯಿಂದ ಬಂದವು, ಯಾವ ಕಡೆ ಹೋದವು ಎಂದು ಬರೆಯಬೇಕು. ‘ಬಹುಶಃ’ ಎಂದು ಬರೆದರೆ ಡೆಸ್ಕಿನಿಂದ ಫೋನ್ ಬರುತ್ತಿತ್ತು. ಆ ಸುದ್ದಿಯೆಲ್ಲ ಹೋಗುತ್ತಿದ್ದದ್ದು ಇದೇ ಸೆಂಟರಿನ ಮೂರನೇ ಕಂಪ್ಯೂಟರಿನಿಂದ. ಎರಡು ವರ್ಷ ದಿನಾ ಸಂಜೆ ಅಲ್ಲಿ ಕೂತು ಆನೆಗಳ ಚಲನವಲನಕ್ಕಿಂತ ಜಾಹೀರಾತುಗಳ ಚಲನವಲನವನ್ನೇ ನಾನು ಚೆನ್ನಾಗಿ ತಿಳಿದುಕೊಂಡಿದ್ದೆ. ಕೇಳದೆ ನುಗ್ಗುವುದರಲ್ಲಿ ಎರಡೂ ಒಂದೇ ಜಾತಿ. ಆನೆಗೆ ಪಟಾಕಿ ಹೊಡೆಯಬಹುದಿತ್ತು. ಜಾಹೀರಾತಿನ ಮೂಲೆಯಲ್ಲಿದ್ದ ಗುಣಾಕಾರದ ಗುರುತನ್ನು ಮುಚ್ಚಲೆಂದು ಒತ್ತಿದರೆ, ಅದು ಗುರುತೇ ಅಲ್ಲ, ಗುರುತಿನ ಚಿತ್ರ; ಒಂದು ಹೋಗಿ ನಾಲ್ಕಾಗುತ್ತಿತ್ತು. ನಿಜವಾದ ಗುರುತು ಅದರ ಮೇಲುಗಡೆ ಸಾಸಿವೆ ಕಾಳಿನಷ್ಟಿರುತ್ತಿತ್ತು. ಯಾವ ಸೈಟಿನಲ್ಲಿ ಯಾವಾಗ ಎಲ್ಲಿ ಬೀಳುತ್ತದೆ ಎಂದು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದೆ. ನನ್ನ ಮೇಲ್‌ನ ಮಟ್ಟಿಗೆ ದಾಖಲೆ ಹೀಗಿತ್ತು: ಒಳಗೆ ಹೋದಾಗ ಕೆಳಗಿನ ಬಲ ಮೂಲೆಯಲ್ಲಿ ಒಂದು, ಹೊರಗೆ ಬಂದಾಗ ಮೇಲಿನ ಎಡ ಮೂಲೆಯಲ್ಲಿ ಒಂದು. ವಾರಕ್ಕೊಮ್ಮೆ ಹೊರಗಿನದು ಬೀಳುವುದಿಲ್ಲ.

ತಾತ ಚಪ್ಪಲಿ ಬಾಗಿಲಾಚೆ ಬಿಟ್ಟು ಒಳಗೆ ಬಂದರು. ಮಾನಿಟರಿನ ತಲೆಗೆ ಮಾಲೀಕ ಬಳಿದಿದ್ದ ವಿಭೂತಿ ನೋಡಿ ಅದಕ್ಕೂ ಒಂದು ಕೈಮುಗಿದರು. ನಾನು ಮೇಲ್ ತೆರೆದೆ. ಹುಡುಗನ ಕಾಗದ ಮೇಲಿನಿಂದ ಒಂದೊಂದೇ ಸಾಲಾಗಿ ಇಳಿಯತೊಡಗಿತು. ಮೂರನೇ ಸಾಲಿಗೆ ಬರುವಷ್ಟರಲ್ಲಿ ಕೆಳಗಿನ ಬಲ ಮೂಲೆಗೆ ಜಾಹೀರಾತು ಬಿತ್ತು. ಅಂಗಿಯಿಲ್ಲದ ಬಿಳಿಯನೊಬ್ಬ ತನ್ನ ಹೊಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನಗುತ್ತಿದ್ದ.

‘ಇವ್ನ್ಯಾರ್ಲಾ, ಹೊಟ್ಟೆ ತೋರಿಸ್ಕೊಂಡು?’

‘ಜಾಹೀರಾತು ತಾತ. ತಾನಾಗೇ ಬೀಳ್ತದೆ.’

‘ತಾನಾಗೇ ಬಿತ್ತಾ?’ ತಾತ ಬೆನ್ನು ನೆಟ್ಟಗೆ ಮಾಡಿ ಕೂತರು. ‘ಯಾರೂ ಮುಟ್ಲಿಲ್ವಾ?’

ಆ ಪ್ರಶ್ನೆ ಎಲ್ಲಿಗೆ ಹೋಗುತ್ತದೆ ಎಂದು ನನಗೆ ಹೊಳೆಯುವ ಮೊದಲೇ ಅವ್ವನಿಗೆ ಹೊಳೆದಿತ್ತು. ‘ಬಲಕ್ಕೇ ಬಿತ್ತಲ್ಲ ಅಣ್ಣಯ್ಯ! ನೋಡಿ, ಬಲಕ್ಕೇ!’ ಎಂದು ಅವಳು ಸೆರಗು ಹೊದ್ದುಕೊಂಡಳು.

‘ಯಾರ ಬಲ್ಕಮ್ಮ? ನಿನ್ನ ಬಲ್ಕೋ, ಅದರ ಬಲ್ಕೋ?’ ತಾತ ಪರದೆಗೆ ಬೆನ್ನು ಹಾಕಿ ನಿಂತು ಎರಡೂ ಕೈ ಚಾಚಿದರು. ‘ಗುಡೀಲಿ ಅಮ್ಮ ನಮ್ಮನ್ನ ನೋಡ್ಕೊಂಡು ಕೂತಿರ್ತಾಳೆ. ಅವಳ ಬಲ ನಮಗೆ ಎಡ. ಇದೂ ನಮ್ಮನ್ನೇ ನೋಡ್ಕೊಂಡ್ ಕೂತದೆ. ಇದರ ಲೆಕ್ಕದಾಗೆ ಎಡಕ್ಕೆ ಬಿತ್ತು. ಆಗೋಯ್ತು, ಬುಡಿ. ಹನ್ನೊಂದರ ಬಸ್ಸಿಗೆ ಬತ್ತೀನಿ.’

ಅವರು ತಪ್ಪು ಹೇಳಿರಲಿಲ್ಲ. ನಲವತ್ತು ವರ್ಷ ಹೂ ಕೇಳಿದವರು. ಅವ್ವ ನನ್ನ ತೊಡೆ ಚಿವುಟಿದಳು. ಜಾಹೀರಾತೇ ಸಮಸ್ಯೆ, ಅದನ್ನು ತೆಗೆದರೆ ಶಕುನವೂ ಹೋಗುತ್ತದೆ ಅಂದುಕೊಂಡಳೋ ಏನೋ, ನಾನು ತಡೆಯುವಷ್ಟರಲ್ಲಿ ಮೌಸ್ ಕಿತ್ತುಕೊಂಡು ಗುರುತಿನ ಚಿತ್ರವನ್ನೇ ಒತ್ತಿದಳು. ಹೊಟ್ಟೆಯವರು ನಾಲ್ಕು ಮಂದಿಯಾದರು.

‘ಅಯ್ಯೋ ಅಮ್ಮಾ, ತೊಡಾದೀಂಗ! ಮುಟ್ಬೇಡಿ!’ ಎಂದು ಮಾಲೀಕ ತಮಿಳು, ಕನ್ನಡ ಎರಡೂ ಭಾಷೆಯಲ್ಲಿ ಓಡಿ ಬಂದ. ‘ಪೆರಿಯವರೇ, ಇದು ದೇವ್ರಲ್ಲ. ಎಲ್ಲಾರ್ಗೂ ಬೀಳುತ್ತೆ, ಎಲ್ಲಾರ್ಗೂ ಇದೇ ಹೊಟ್ಟೆ.’

‘ಎಲ್ಲಾರ್ಗೂ ಅಮ್ಮನೂ ಒಬ್ಳೇ ಕಣಪ್ಪ’ ಎಂದರು ತಾತ, ಆಗಲೇ ಒಂದು ಕಾಲಿಗೆ ಚಪ್ಪಲಿ ಸೇರಿಸಿಕೊಂಡು.

ನಾನು ಸುದ್ದಿ ತಿರುಚಿದವನಲ್ಲ. ಅವತ್ತೂ ತಿರುಚಲಿಲ್ಲ. ಒಂದು ಪ್ರಶ್ನೆ ಮಾತ್ರ ಕೇಳಿದೆ.

‘ತಾತ, ಗುಡಿಯಲ್ಲಿ ವಿಷಯ ಹೇಳೋಕೆ ಮುಂಚೆಯೇ ಹೂ ಬಿದ್ದುಬಿಟ್ಟರೆ?’

‘ಅದ್ನ ತಕ್ಕಳಲ್ಲ. ಎತ್ತಿಟ್ಟು ಇನ್ನೊಂದು ಅಂಟಿಸ್ತೀನಿ.’

‘ಈಗ ನೀವು ವಿಷಯ ಹೇಳಿದ್ರಾ?’

ತಾತ ಬಾಗಿಲಲ್ಲೇ ತಿರುಗಿ ನಿಂತರು. ಆಮೇಲೆ ಚಪ್ಪಲಿ ಬಿಟ್ಟರು. ‘ಪೇಪರ್‌ನೋನು, ಸರ್ಯಾಗೇ ಹಿಡ್ದೆ. ಹೇಳ್ಲಿಲ್ಲ ಕಣ್ಲಾ.’

ನಾನು ಸಾಸಿವೆ ಕಾಳುಗಳನ್ನು ಹುಡುಕಿ ನಾಲ್ಕು ಹೊಟ್ಟೆಗಳನ್ನೂ ಮುಚ್ಚಿದೆ. ಕಾಗದ ಪೂರ್ತಿ ಇಳಿಯಿತು. ತಾತ ಪರದೆಗೆ ಮೂಗು ತಾಗಿಸಿ ಮೊಮ್ಮಗನ ಕೈಬರಹ ಓದಿದರು. ಹುಡುಗಿ ಒಪ್ಪಿಗೆಯಾಗಿದ್ದಾಳೆ, ಅಮ್ಮ ಇನ್ನೂ ತಡ ಮಾಡಿದರೆ ತಾನೇ ಪುಣೆಯಿಂದ ಬಂದು ಗುಡಿ ಮುಂದೆ ಕೂರುತ್ತೇನೆ ಎಂದು ಅವನು ಬರೆದಿದ್ದ. ‘ಪೊಗರು ನೋಡು’ ಎಂದರು ತಾತ. ಆದರೆ ಕೋಪ ಬಂದಂತೆ ಕಾಣಲಿಲ್ಲ. ಕಣ್ಣು ಮುಚ್ಚಿ, ಕೈಮುಗಿದು, ಹುಡುಗನ ಹೆಸರು, ಹುಡುಗಿಯ ಹೆಸರು, ಎರಡೂ ಮನೆತನ ಹೇಳಿ, ‘ಆಗೋದಾದ್ರೆ ಬಲಕ್ಕೆ ಕೊಡು ತಾಯಿ’ ಎಂದರು.

ನಾನು ಮೇಲ್‌ನಿಂದ ಹೊರಬರುವ ಗುಂಡಿ ಒತ್ತಿದೆ.

ಪರದೆ ಬೆಳ್ಳಗಾಯಿತು. ಹಾಗೇ ಇತ್ತು. ಮೋಡೆಮ್‌ನ ಹಸಿರು ದೀಪ ಮಿಣುಕುತ್ತಿತ್ತು. ಆ ವಾರ ಹೊರಗಿನ ಜಾಹೀರಾತು ತಪ್ಪಿಸಿಕೊಂಡ ದಿನ ಆಗಿಹೋಗಿದೆಯೋ ಇಲ್ಲವೋ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ನೋಟ್‌ಬುಕ್ ಮನೆಯಲ್ಲಿತ್ತು. ಎರಡು ವರ್ಷ ಜಾಹೀರಾತುಗಳಿಗೆ ಶಾಪ ಹಾಕಿದ ನಾನು ಒಂದು ಬೀಳಲಿ ಎಂದು ಕಾದದ್ದು ಅದೇ ಮೊದಲು. ಮಾಲೀಕನೂ ಬಂದು ಬೆನ್ನ ಹಿಂದೆ ನಿಂತಿದ್ದ.

ಮೇಲಿನ ಎಡ ಮೂಲೆಯಲ್ಲಿ ಬಿತ್ತು. ಕೆಂಪು ಅಂಗಿ ತೊಟ್ಟ, ಕೂದಲು ಬಿಟ್ಟುಕೊಂಡ ಒಬ್ಬ ಹೆಂಗಸು, ಪಕ್ಕದಲ್ಲಿ ಮಿಣಮಿಣ ಎನ್ನುವ ಎರಡು ಸಾಲು.

‘ನಮ್ಮ ಎಡ. ಅಂದ್ರೆ ಅದರ ಬಲ’ ಎಂದರು ತಾತ, ಪಿಸುದನಿಯಲ್ಲಿ. ‘ಆಯಮ್ಮ ಏನೋ ಹೇಳ್ತಾವ್ಳೆ. ಓದ್ಲಾ.’

ಇದ್ದದ್ದನ್ನು ಇದ್ದಂತೆ ಹೇಳುವುದು ನನ್ನ ಕಸುಬು. ಇಂಗ್ಲಿಷನ್ನು ಕನ್ನಡ ಮಾಡಿ ಓದಿದೆ: ‘ನಿಮ್ಮ ಊರಲ್ಲೇ ಇದ್ದೀನಿ. ಒಬ್ಬಳೇ ಇದ್ದೀನಿ. ನಿಮ್ಮ ಹತ್ತಿರ ಮಾತಾಡಬೇಕು.’

ತಾತನ ಕಣ್ಣಲ್ಲಿ ನೀರು ಬಂತು. ‘ಮೂರು ವಾರ ಬಾಯಿ ಬುಡ್ದೆ ಇದ್ದೋಳು’ ಎಂದರು. ಆಮೇಲೆ ಅವ್ವನ ಕಡೆ ತಿರುಗಿ, ‘ಅಪ್ಪಣೆ ಆಯ್ತು ಕಣಮ್ಮ. ಹೆಣ್ಣು ನಮ್ದು’ ಎಂದರು. ಮಾಲೀಕ ಕೆಮ್ಮುತ್ತಾ ಹೊರಗೆ ಹೋದ. ಅವನನ್ನು ಕರೆಸಿ, ಊರಿನಲ್ಲಿ ತೋರಿಸಲು ಪರದೆಯ ಮೇಲಿದ್ದದ್ದನ್ನು ಹಾಗೇ ಒಂದು ಹಾಳೆಗೆ ತೆಗೆಸಿಕೊಂಡು, ಮಡಿಸಿ ಜೇಬಿಗಿಟ್ಟು, ತಾತ ಹನ್ನೊಂದೂವರೆಯ ಬಸ್ಸಿಗೆ ಹೋದರು.

ಸಂಜೆ ತಂಗಿ ಶೆಡ್ಡಿನಿಂದ ಬಂದಳು. ನಡೆದದ್ದನ್ನು ಕ್ರಮವಾಗಿ ಹೇಳಿದೆ, ಹೊರಬರುವ ಗುಂಡಿಯ ವಿಷಯವನ್ನೂ ಬಿಡದೆ. ಅವಳು ಗೋಡೆಗೆ ಒರಗಿ ಕೂತು ನಕ್ಕಳು. ನಕ್ಕು ಮುಗಿದ ಮೇಲೆ, ‘ಅದು ಅವತ್ತು ಬೀಳ್ದೇ ಇದ್ದಿದ್ರೆ?’ ಎಂದಳು. ನಾನು ನೋಟ್‌ಬುಕ್ಕಿನ ಕೊನೆಯ ಪುಟ ತೆರೆದೆ. ‘ತಾತನ ಹತ್ರ ಬಾಯಿ ಬಿಟ್ಟೀಯ’ ಎಂದು ಎದ್ದು ಹೋದಳು.

ಹುಡುಗ ತರಬೇತಿ ಮುಗಿಸಿ ಬಂದ ಮೇಲೆ ಮದುವೆ ಆಯಿತು. ಮರುವರ್ಷ ತಾತ ಬೋರ್‌ವೆಲ್ ಎಲ್ಲಿ ಕೊರೆಸುವುದೆಂದು ಕೇಳಲು ಮತ್ತೆ ಸೆಂಟರಿಗೆ ಬಂದಿದ್ದರಂತೆ. ಅಷ್ಟರಲ್ಲಿ ಮಾಲೀಕ ಜಾಹೀರಾತು ತಡೆಯುವ ಸಾಫ್ಟ್‌ವೇರ್ ಹಾಕಿಸಿದ್ದ. ಅರ್ಧ ಗಂಟೆ ಕೈಮುಗಿದು ಕೂತರೂ ಏನೂ ಬೀಳಲಿಲ್ಲ. ‘ಇದನ್ನ ಮೈಲಿಗೆ ಮಾಡ್ಬುಟ್ಟವ್ರೆ’ ಎಂದು ಬೈದು ಎದ್ದುಹೋದರು ಎಂದು ಮಾಲೀಕನೇ ಹೇಳಿದ.

2009ರಲ್ಲಿ ತಂಗಿಯ ಮಗಳಿಗೆ ಕಿವಿ ಚುಚ್ಚಿಸುವ ದಿನ ತಾತನ ಮನೆಗೆ ಹೋಗಿದ್ದೆ. ಆ ಹಾಳೆ ನಡುಮನೆಯಲ್ಲಿ ಊರಮ್ಮನ ಪಟದ ಪಕ್ಕ, ಗಾಜು ಹಾಕಿಸಿ, ಮೊಳೆಗೆ ತೂಗುಹಾಕಿದ್ದರು. ಗಾಜಿನ ಮೇಲೆ, ಹೆಂಗಸಿನ ಹಣೆಯ ನೇರಕ್ಕೆ, ಆ ಬೆಳಿಗ್ಗೆ ಇಟ್ಟ ಕುಂಕುಮವಿತ್ತು.