ನಲವತ್ತು ಪ್ರಶ್ನೆ, ಮೂರು ಕೆಮ್ಮು

ಚಳ್ಳಕೆರೆಯ ನಮ್ಮ ಕ್ರೈಸ್ತ ಸಭೆಯ ಪಾಠದ ಕೋಣೆಗೆ ಇದ್ದದ್ದು ಒಂದೇ ಬಾಗಿಲು. ಭಾನುವಾರ ಮಧ್ಯಾಹ್ನ ದೊಡ್ಡವರ ಪಾಠ ಶುರುವಾಗುತ್ತಲೇ ಉಪದೇಶಿಗಳು ತಮ್ಮ ಮುಕ್ಕಾಲಿ ಪೀಠವನ್ನು ತಂದು ಆ ಬಾಗಿಲಿಗೇ ಅಡ್ಡ ಹಾಕಿ ಕೂತುಬಿಡುತ್ತಿದ್ದರು. ಗಾಳಿ ಅವರ ಬೆನ್ನಿಗೆ, ಬೆವರು ನಮ್ಮ ಮುಖಕ್ಕೆ. ಆ ದಿನದ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಟ್ಟವರಿಗೆ ಮೊಣಕಾಲು ಒಂದಿಷ್ಟು ಓರೆ ಮಾಡಿ ದಾರಿ ಬಿಡುತ್ತಿದ್ದರು. ಕೊಡದವರು ಒಳಗೇ. ಮೇಲೆ ಕಲ್ಲುಚಪ್ಪಡಿಯ ಮಾಳಿಗೆ, ಸುತ್ತ ಕಂಬಳಿ ಹೊದ್ದು ಬಂದವರ ಉಣ್ಣೆಯ ವಾಸನೆ. ನರಕದ ವಿಷಯದ ಪಾಠವನ್ನು ನಾವೆಲ್ಲ ಬೇಗ ಕಲಿತದ್ದರಲ್ಲಿ ಆಶ್ಚರ್ಯವಿಲ್ಲ.

ನಾನು ಅಲ್ಲಿ ಕೂರಬೇಕಾದ ಅಗತ್ಯವೇ ಇರಲಿಲ್ಲ. ಶಾಲೆಯಲ್ಲಿ ನಾಲ್ಕಕ್ಷರ ಕಲಿತಿದ್ದೆ. ಪಾಠದ ನಲವತ್ತೂ ಪ್ರಶ್ನೆಗಳ ಉತ್ತರವನ್ನು ಒಂದೇ ಉಸಿರಿಗೆ ಒಪ್ಪಿಸಿ ಎರಡು ವರ್ಷದ ಹಿಂದೆಯೇ ಪಾಸಾಗಿದ್ದೆ. ಸಿಕ್ಕಿಬಿದ್ದದ್ದು ಅವ್ವನಿಂದ. ತಿಂಗಳಿಗೊಂದು ಭಾನುವಾರ ಪಾದ್ರಿ ದೊರೆಗಳು ಬಂದು ಕರ್ತನ ಭೋಜನ ಕೊಡುತ್ತಿದ್ದರು. ಅದಕ್ಕೆ ಮುಂಚಿನ ಹಾಡು ಮುಗಿಯುತ್ತಲೇ ಪಾಸಾಗದವರು ಎದ್ದು ಹೊರಗೆ ಹೋಗಬೇಕು. ಅವ್ವ ಎರಡು ವರ್ಷ ಹಾಗೇ ಎದ್ದು ಹೋಗಿ, ಬೇವಿನ ಮರದ ಕೆಳಗೆ ಎಲ್ಲರೂ ಕಾಲಿಂದ ಬಿಟ್ಟುಹೋದ ಕೆರ ಕಾಯುತ್ತಾ ಕೂತಿದ್ದಳು. ಪ್ರತಿ ಸಲವೂ ನಾನು ಹೊರಗೆ ಬರುತ್ತಲೇ ಕೇಳುತ್ತಿದ್ದಳು:

"ಏನಾಯ್ತೋ ಒಳಗೆ?"

"ಏನಿಲ್ಲ ಬಿಡವ್ವಾ, ಒಂದು ಚೂರು ರೊಟ್ಟಿ."

"ರೊಟ್ಟಿಗೋಸ್ಕರ ನನ್ನ ಹೊರಗೆ ಕಳಿಸ್ತಾರೇನೋ? ಬ್ಯಾರೆ ಏನೋ ಐತೆ."

ಒಳಗೆ ಕೂರಲೇಬೇಕೆಂದು ಅವಳು ಹಟ ಹಿಡಿದಳು. ಪಾಠಕ್ಕೆ ನೀನೂ ಬಂದರೆ ಮಾತ್ರ ಬರುತ್ತೇನೆಂದಳು. ಹೀಗೆ ಪಾಸಾದವನೇ ಫೇಲಾದವರ ನಡುವೆ ಕೈದಿಯಾದೆ.

ಉಪದೇಶಿಗಳು ಮೊಳಕಾಲ್ಮೂರಿನ ರೇಷ್ಮೆ ನೇಯುವ ಮನೆಯವರು. ಅರ್ಧ ಕನ್ನಡ, ಅರ್ಧ ತೆಲುಗು. ಉತ್ತರ ಹೇಳಿಕೊಡುವ ಮುಂಚೆ ಕೆಮ್ಮುವರು, ಹೇಳಿದ ಮೇಲೆ, ಒಂದು ಭಾಷೆಯಲ್ಲಿ ಕೇಳಿದರೆ ಸಾಲದೆಂಬಂತೆ, "ಅರ್ಥ ಆಯ್ತಾ? ಅರ್ಥಮೈಂದಾ?" ಎನ್ನುವರು. ನನ್ನಂಥವನಿಗೆ ಇದು ಹಬ್ಬದೂಟ. ಅಮಲ್ದಾರರ ಜವಾನನಿಂದ ಹಿಡಿದು ಸಂತೆಯಲ್ಲಿ ಅತ್ತರು ಮಾರುವ ಸಾಹೇಬರವರೆಗೆ ಊರಲ್ಲಿ ನಾನು ಅಣಕಿಸದ ದನಿ ಇರಲಿಲ್ಲ. ನನ್ನ ಸ್ವಂತ ದನಿಗೆ ಮಾತ್ರ ಗಿರಾಕಿಗಳಿರಲಿಲ್ಲ. ನಾನು ನಾನಾಗಿ ಮಾತಾಡಿದರೆ ಜನ ಆಕಳಿಸುತ್ತಿದ್ದರು.

ಪಾಠದ ಕೊನೆಗೆ ಮಾತುಕತೆ ಇರುತ್ತಿತ್ತು. ಕಲಿತದ್ದರ ಮೇಲೆ ಯಾರು ಏನು ಬೇಕಾದರೂ ಕೇಳಬಹುದು ಎಂದು ಉಪದೇಶಿಗಳು ಹೇಳಿದ್ದರು. ಆಮೇಲೆ ಅದಕ್ಕಾಗಿ ಪಶ್ಚಾತ್ತಾಪಪಟ್ಟಿರಬೇಕು. ಒಂದು ದಿನ ಕಳೆದುಹೋದ ಕುರಿಯ ಕಥೆ ಹೇಳಿದಾಗ ನಮ್ಮ ಓಣಿಯ ಮುದುಕ, ಜೀವಮಾನವೆಲ್ಲ ಕುರಿ ಕಾಯ್ದವನು, ಕೈ ಎತ್ತಿದ.

"ಅಲ್ರೀ ಉಪದೇಶಿಗಳೇ, ಹಿಂಡನ್ನೆಲ್ಲಾ ಅಡವೀಲಿ ಬಿಟ್ಟು ಒಂದರ ಹಿಂದೆ ಓಡಿದ್ನಲ್ಲ, ಹಿಂಡಿಗೆ ತೋಳ ಬಿದ್ರೆ ಯಾರ್ರೀ ಹೊಣೆ?"

"ಇದು ದೃಷ್ಟಾಂತ. ತೋಳ ಬರಲ್ಲ."

"ನಮ್ಮ ಕಡೆ ಬರ್ತಾವೆ ಕಣ್ರೀ."

ಮುದುಕನನ್ನು ಅಂದು ಎಲ್ಲರಿಗಿಂತ ಮುಂಚೆ ಹೊರಗೆ ಬಿಟ್ಟರು. ಉಳಿದವರು ಅವನ ಜಾಣತನಕ್ಕೆ ಹೊಟ್ಟೆ ಉರಿದುಕೊಂಡೆವು.

ಕೊನೆಗೆ ಉಳಿಯುವವರು ಯಾವಾಗಲೂ ಇಬ್ಬರೇ: ಅವ್ವ ಮತ್ತು ಅವಳಿಗಾಗಿ ನಾನು. ಮೂರನೆಯ ಪ್ರಶ್ನೆ ದಾಟುವಷ್ಟರಲ್ಲಿ ಮೊದಲನೆಯದು ಅವಳ ತಲೆಯಿಂದ ಜಾರಿರುತ್ತಿತ್ತು. ಮನೆಯಲ್ಲಿ ಅವಳು ಉಣ್ಣೆ ನೂಲುತ್ತಿದ್ದಳು. ನಾನು ನೇಯ್ದ ಕಂಬಳಿಗೆ ಹುಣಸೆಬೀಜದ ಗಂಜಿ ಬಳಿಯುತ್ತಾ ಹೇಳಿಕೊಡುತ್ತಿದ್ದೆ. "ನಿನ್ನ ದನಿ ಕಿವೀಲಿ ನಿಲ್ಲಲ್ಲ ಕಣೋ," ಎನ್ನುತ್ತಿದ್ದಳು. ಒಂದು ದಿನ ಬೇಸತ್ತು ಗಂಜಿಯ ಕುಂಚವನ್ನೇ ಮೂಗಿನ ಕೆಳಗೆ ಮೀಸೆಯಂತೆ ಹಿಡಿದು, ಎರಡು ಸಲ ಕೆಮ್ಮಿ, ಉಪದೇಶಿಗಳ ದನಿಯಲ್ಲಿ ಉತ್ತರ ಹೇಳಿದೆ. ಕದಿರು ಕೈಬಿಟ್ಟು ಅವ್ವ ನಕ್ಕಳು. ಮರುದಿನ ಬೆಳಗ್ಗೆ ನೋಡಿದರೆ ಆ ಉತ್ತರ ಅವಳಿಗೆ ಬಾಯಿಪಾಠ.

ಅಲ್ಲಿಂದ ನಾಲ್ಕು ತಿಂಗಳು ನಲವತ್ತೂ ಪ್ರಶ್ನೆಗಳನ್ನು ಅದೇ ದನಿಯಲ್ಲಿ ಕಲಿಸಿದೆ. ನಾನು ಎಂಥ ಬೋನು ಕಟ್ಟಿಕೊಂಡೆನೆಂದು ತಿಳಿದದ್ದು ದೊರೆಗಳು ನಡೆಸುವ ಪರೀಕ್ಷೆ ಹತ್ತಿರ ಬಂದಾಗ. ಅವ್ವ ಕಲಿತದ್ದು ಬರೀ ಉತ್ತರವನ್ನಲ್ಲ. ಕೆಮ್ಮು, ಉತ್ತರ, "ಅರ್ಥಮೈಂದಾ" ಮೂರೂ ಒಂದೇ ನೂಲಾಗಿ ಹೊಸೆದುಕೊಂಡಿದ್ದವು.

"ಅವ್ವಾ, ಕೆಮ್ಮಬ್ಯಾಡ. ಬರೀ ಉತ್ತರ ಹೇಳು."

ಅವಳು ಬಾಯಿ ತೆರೆದಳು. ಏನೂ ಬರಲಿಲ್ಲ. ಕೆಮ್ಮಿದಳು, ಸರಸರನೆ ಬಂತು.

ಶನಿವಾರ ಮಧ್ಯಾಹ್ನ ದೊರೆಗಳು ಬಂದರು. ಬಿ.ಜಿ. ಕೆರೆಯಿಂದ ಹೊಸ ಸೈಕಲ್ಲಿನ ಮೇಲೆ ಹೊರಟವರು, ಚಕ್ರಕ್ಕೆ ಜಾಲಿಮುಳ್ಳು ಚುಚ್ಚಿ, ಅರ್ಧ ದಾರಿ ಅದನ್ನೇ ನಡೆಸಿಕೊಂಡು ಬಂದಿದ್ದರು. ಬಾಗಿಲ ಪೀಠದಲ್ಲಿ ದೊರೆ ಕೂತರು. ಉಪದೇಶಿಗಳು ಮೊದಲ ಸಲ ನಮ್ಮ ಜೊತೆ ಒಳಗೆ, ಬೆವರಿನ ಕಡೆಗೆ ಬಂದರು. ಬಂದು ಕೂತದ್ದು ನನ್ನ ಪಕ್ಕದಲ್ಲೇ. ಎದ್ದು ಓಡೋಣವೆಂದರೆ ದೊರೆಯನ್ನು ದಾಟಿ ಓಡಬೇಕು.

ಅವ್ವನ ಸರದಿ ಬಂತು. ದೊರೆಗಳು ಪುಸ್ತಕದ ಕನ್ನಡದಲ್ಲಿ, "ತಾಯಿ, ಕರ್ತನ ಮೇಜಿಗೆ ಬರತಕ್ಕವರು ಯಾರು?" ಎಂದು ಕೇಳಿದರು. ಅದು ಇಪ್ಪತ್ತೆರಡನೆಯ ಪ್ರಶ್ನೆ. ಅವ್ವ ಇಪ್ಪತ್ತೆರಡಕ್ಕೆ ಹೋಗಬೇಕಾದರೆ ಒಂದರಿಂದ ಹೊರಡಬೇಕು. ಹೊರಟಳು.

ಮೊದಲು ಕೆಮ್ಮಿದಳು. ಎರಡಲ್ಲ, ಮೂರು ಸಲ. ನಾನು ಕಲಿಸಿದ್ದು ಎರಡು. ಈ ಮೂರನೆಯದು ಎಲ್ಲಿಂದ ಬಂತೆಂದು ತಿರುಗಿದರೆ, ಪಕ್ಕದಲ್ಲಿ ಉಪದೇಶಿಗಳ ಕೈ ತಮ್ಮ ಗಂಟಲಿಗೆ ಹೋಗಿತ್ತು.

ಒಂದು, ಎರಡು, ಮೂರು ಎಂದು ಪ್ರಶ್ನೆಗಳು ಸಾಗಿದವು. ಪ್ರತಿ ಉತ್ತರಕ್ಕೂ ಮೂರು ಕೆಮ್ಮು. ಪ್ರತಿ ಉತ್ತರದ ಕೊನೆಗೆ ದೊರೆಗಳ ಮುಖವನ್ನೇ ನೋಡುತ್ತಾ, "ಅರ್ಥ ಆಯ್ತಾ? ಅರ್ಥಮೈಂದಾ?" ದೊರೆಗಳು ಸಭ್ಯರು, ಪ್ರತಿ ಸಲವೂ ತಲೆಯಾಡಿಸಿ, "ಆಯಿತು, ಆಯಿತು ತಾಯಿ," ಎಂದರು. ಕುರಿ ಕಾಯುವ ಮುದುಕ ಕಂಬಳಿಯ ಅಂಚನ್ನು ಬಾಯಿಗೆ ತುರುಕಿಕೊಂಡ. ನನಗೆ ನಗು ಬರಲಿಲ್ಲ. ಜೀವಮಾನದಲ್ಲಿ ನನ್ನ ಅಣಕಕ್ಕೆ ಕೋಣೆ ತುಂಬ ಜನ ನಗುವಾಗ ನಾನೊಬ್ಬನೇ ನಗದಿದ್ದದ್ದು ಅದೇ ಮೊದಲು.

ಇಪ್ಪತ್ತೆರಡು ಮುಟ್ಟಿ ಅವ್ವ ನಿಂತಳು. ದೊರೆಗಳು ಕರವಸ್ತ್ರದಿಂದ ಹಣೆ ಒರೆಸಿಕೊಂಡು ಕೇಳಿದರು: "ಈ ತಾಯಿಗೆ ಕಲಿಸಿದವರು ಯಾರು?"

ನಾನೇ ಎಂದು ಒಪ್ಪಿಕೊಂಡರೆ ಅವ್ವನ ನಾಲ್ಕು ತಿಂಗಳೂ ಬರೀ ತಮಾಷೆಯಾಗಿಬಿಡುತ್ತದೆ. ಮತ್ತೆ ಬೇವಿನ ಮರವೇ ಗತಿ. ಸುಮ್ಮನಿದ್ದರೆ ಉಪದೇಶಿಗಳು ಬಾಯಿಬಿಡುತ್ತಾರೆ. ನನ್ನ ಗಂಟಲಲ್ಲಿ ಊರಿನವರ ದನಿಗಳೆಲ್ಲ ಇದ್ದವು, ಒಂದೂ ಹೊರಡಲಿಲ್ಲ.

ಉಪದೇಶಿಗಳು ಎದ್ದು ನಿಂತರು. ಅವ್ವನನ್ನು ನೋಡಿದರು. ಅವಳು ಸೆರಗಿನ ತುದಿಯನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದಳು.

"ನಾನೇ, ದೊರೆಗಳೇ," ಎಂದರು. ಎಂದವರೇ ಮೂರು ಸಲ ಕೆಮ್ಮಿದರು.

ದೊರೆಗಳು ಅವರನ್ನೊಮ್ಮೆ, ಅವ್ವನನ್ನೊಮ್ಮೆ ನೋಡಿ, "ಗೊತ್ತಾಗುತ್ತದೆ," ಎಂದು ಅವ್ವನ ಹೆಸರು ಬರೆದುಕೊಂಡರು. ಸುಳ್ಳಿನ ವಿಷಯ ಹದಿನೇಳನೆಯ ಪ್ರಶ್ನೆಯಲ್ಲಿ ಬರುತ್ತದೆ. ಅದನ್ನು ಉಪದೇಶಿಗಳಿಗೆ ನೆನಪಿಸುವ ಧೈರ್ಯ ನನಗಿರಲಿಲ್ಲ.

ಎಲ್ಲ ಮುಗಿದು ದೊರೆಗಳು ಸೈಕಲ್ಲಿನ ಮುಳ್ಳು ಕೀಳಲು ಅಂಗಳಕ್ಕೆ ಹೋದರು. ಜನರೂ ಹಿಂದೆಯೇ ಹೋದರು. ನಾನೂ ನುಸುಳಿಕೊಳ್ಳುವಷ್ಟರಲ್ಲಿ ಉಪದೇಶಿಗಳು ಪೀಠಕ್ಕೆ ಬಂದು ಕೂತಿದ್ದರು. ಬಾಗಿಲು ಬಂದ್.

"ಲೇ, ಎಷ್ಟು ದಿನದಿಂದ ನಡೀತೈತೆ ಇದು?"

"ನಾಲ್ಕು ತಿಂಗಳ್ರಿ."

"ನಾನು ಹಂಗೇ ಕೆಮ್ತೀನೇನೋ?"

"ನಾನು ಎರಡು ಸಲ ಅಂದ್ಕೊಂಡಿದ್ದೆ. ಅವ್ವ ಮೂರು ಅಂತಾಳೆ."

ಬೈಯಲು ಬಾಯಿ ತೆರೆದರು. ಅಷ್ಟರಲ್ಲಿ ಕೆಮ್ಮು ಬಂತು. ನಾನು ಎಣಿಸಬಾರದೆಂದುಕೊಂಡೆ. ಅವರೇ ಎಣಿಸಿಕೊಂಡರೆಂದು ಕಾಣುತ್ತದೆ, ಮೂರನೆಯದು ಮುಗಿಯುತ್ತಲೇ ಮುಖ ಕೆಂಪಾಯಿತು.

"ಒಂದು ಕೆಮ್ಮಿಗೆ ಒಂದು ತಿಂಗಳು. ಮೂರು ತಿಂಗಳು ನೀನು ಭೋಜನಕ್ಕೆ ಒಳಗೆ ಇರೋ ಹಂಗಿಲ್ಲ. ನಿಮ್ಮವ್ವ ಕಾಯ್ತಿದ್ದ ಕೆರಾನ ನೀನು ಕಾಯಿ. ಅರ್ಥ ಆಯ್ತಾ?"

ಅಲ್ಲಿಗೇ ನಿಲ್ಲಿಸಿದರು. ಉಳಿದರ್ಧವನ್ನು ಕಷ್ಟಪಟ್ಟು ನುಂಗಿದ್ದು ನನಗೆ ಕಾಣಿಸಿತು.

"ಆಯ್ತು," ಎಂದೆ, ನನ್ನ ದನಿಯಲ್ಲೇ. ಅವರು ಮೊಣಕಾಲು ಓರೆ ಮಾಡಿದರು.

ಮರುದಿನ ಹಾಡು ಮುಗಿಯಿತು. ನಾನು ಎದ್ದೆ. ಅವ್ವ ಏಳಲಿಲ್ಲ, ಅಭ್ಯಾಸಬಲದಿಂದ ಒಂದು ಸಲ ಮೊಣಕಾಲೂರಿದವಳು, ನೆನಪಾಗಿ, ಮತ್ತೆ ಗಟ್ಟಿಯಾಗಿ ಕೂತಳು. ನನ್ನ ಕಡೆ ನೋಡಲೂ ಇಲ್ಲ.

ಬೇವಿನ ಬುಡದಲ್ಲಿ ಅವ್ವ ಕೂತು ಕೂತು ನೆಲ ನುಣ್ಣಗಾಗಿತ್ತು. ಅಲ್ಲಿಂದ ಒಳಗಿನ ಮಾತು ಕೇಳುವುದಿಲ್ಲ, ಗುಂಯ್ ಎನ್ನುವುದಷ್ಟೇ. ಸುತ್ತಲೂ ಬಯಲು, ಬಾಗಿಲೂ ಇಲ್ಲ, ಪೀಠವೂ ಇಲ್ಲ. ಆದರೂ ಎದ್ದು ಹೋಗುವಂತಿಲ್ಲ. ನಾಯಿಯೊಂದು ಉಪದೇಶಿಗಳ ಕೆರದ ಮೇಲೆ ಕಣ್ಣಿಟ್ಟು ಕೂತಿತ್ತು. ಅದರ ಮೇಲೆ ನಾನು ಕಣ್ಣಿಟ್ಟೆ. ಒಳಗೆ ಗುಂಯ್‌ಗುಟ್ಟುವುದೂ ನಿಂತಿತು. ಈಗ ರೊಟ್ಟಿ ಕೊಡುತ್ತಿರಬೇಕು. ಅವ್ವನ ಮುಖ ಹೇಗಿರಬಹುದೆಂದು ಯೋಚಿಸಿದೆ. ನಾನು ಒಳಗಿದ್ದಾಗ ಒಂದು ಸಲವೂ ಆ ಹೊತ್ತಿನಲ್ಲಿ ಯಾರ ಮುಖವನ್ನೂ ನೋಡಿರಲಿಲ್ಲ. ಉಪದೇಶಿಗಳ ಕೆಮ್ಮು ಕೇಳಿಸಿಕೊಳ್ಳುವುದರಲ್ಲೇ ಇದ್ದೆ.

ಕೊನೆಗೆ ಎಲ್ಲರೂ ಹೊರಬಂದರು. ಅವ್ವ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಧಾನವಾಗಿ ಬಂದಳು. ಕೇಳಬಾರದೆಂದುಕೊಂಡಿದ್ದೆ. ತಡೆಯಲಾಗಲಿಲ್ಲ.

"ಏನಾಯ್ತವ್ವಾ ಒಳಗೆ?"

ಅವಳು ಕೆರಕ್ಕೆ ಕಾಲು ತೂರಿಸಿದಳು. ಒಂದು ಭುಜ ಮೇಲೆತ್ತಿದಳು. ಕತ್ತು ಓರೆ ಮಾಡಿ, ಪೂರ್ತಿ ಮೂಗಿನಲ್ಲೇ ಎಳೆದಳು:

"ಏನಿಲ್ಲ ಬಿಡವ್ವಾ, ಒಂದು ಚೂರು ರೊಟ್ಟಿ."

ಕುರಿ ಕಾಯುವ ಮುದುಕ ಕಂಬಳಿ ಹುಡುಕುವಷ್ಟರಲ್ಲಿ ನಗು ಹೊರಬಿದ್ದಿತ್ತು. ಉಪದೇಶಿಗಳಂತೂ ಕೆಮ್ಮು ಬರುವವರೆಗೆ ನಕ್ಕರು. ನಾನು ಹೀಗೆ ಮೂಗಿನಲ್ಲಿ ಮಾತಾಡುತ್ತೇನೆಂದು ಅದುವರೆಗೆ ನನಗೆ ಯಾರೂ ಹೇಳಿರಲಿಲ್ಲ. ಅವ್ವ ಹಿಂತಿರುಗಿ ನೋಡದೆ ಮನೆಯ ದಾರಿ ಹಿಡಿದಳು. ನನ್ನ ಪಾಲಿಗೆ ಇನ್ನೂ ಎರಡು ಕೆಮ್ಮು ಉಳಿದಿದ್ದವು.