ನಮ್ಮ ಕಡೆ ಯಾರಿಗೂ ಇಲ್ಲ

ಮೊಮ್ಮಗಳ ಹೊಟ್ಟೆನೋವು ಎರಡು ವರ್ಷ ಹೆಸರಿಲ್ಲದೆ ಅಲೆಯಿತು. ಅದರಲ್ಲಿ ಒಂದು ವರ್ಷ ಪೂರ್ತಿ ಅವಳ ತಾತನಾದ ನನ್ನ ಬಾಯಿಂದ ಆದದ್ದು. ಇದನ್ನು ಬರೆಯದೆ ಕೂರಲಾಗುತ್ತಿಲ್ಲ. ಬರೆಯಲು ಕೂತ ಮೇಲೂ ಎರಡು ಸಲ ಎದ್ದು ಅಂಗಳಕ್ಕೆ ಹೋಗಿ ಬಂದೆ.

ಮಗಳನ್ನು ನುಗ್ಗೇಹಳ್ಳಿ ಕಡೆಗೆ ಕೊಟ್ಟಿದ್ದೇವೆ. ಮದುವೆ ಮಾತಿನ ದಿನ ಬೀಗರು ಮಲ್ಲಿಪಟ್ಟಣದ ನಮ್ಮ ಮನೆಯಲ್ಲಿ ಕೂತು, "ಹುಡುಗಿಗೆ ಕಾಯಿಲೆ ಕಸಾಲೆ ಏನಾದ್ರೂ?" ಅಂದರು. "ನಮ್ಮ ವಂಶದಲ್ಲೇ ಇಲ್ಲ" ಅಂದೆ. ಒಳಗೆ ಕಾಫಿ ಲೋಟ ಜೋಡಿಸುತ್ತಿದ್ದ ಮಗಳಿಗೆ ಆವತ್ತೇ ಅರೆತಲೆನೋವು. ಚಿಕ್ಕವಳಿದ್ದಾಗ ಅವಳಿಗೆ ಬರುತ್ತಿದ್ದುದು ಹೊಟ್ಟೆನೋವು. ದೊಡ್ಡವಳಾದ ಮೇಲೆ ಅದು ಹೋಗಿ ಇದು ಬಂತು. "ಅಲ್ಲಿ ಯಾರ ಮುಂದೂ ತಲೆ ಹಿಡ್ಕೊಂಡು ಕೂರಬೇಡ" ಎಂದು ಹೇಳಿ ಕಳಿಸಿದೆ. ಅವಳು ಹಾಗೇ ಬಾಳಿದಳು.

ಅವಳ ಮಗಳಿಗೆ ಏಳು ತುಂಬಿದಾಗ ಹೊಟ್ಟೆನೋವು ಶುರುವಾಯಿತು. ತಿಂಗಳಿಗೊಮ್ಮೆ, ಹೊಕ್ಕುಳ ಸುತ್ತ. ಮುಖ ಬಿಳುಚಿಕೊಳ್ಳುತ್ತಿತ್ತು, ಅನ್ನ ಕಂಡರೆ ಓಕರಿಕೆ. ಮಾರನೇ ದಿನ ಏನೂ ಆಗದವಳಂತೆ ಕುಂಟೆಬಿಲ್ಲೆ ಆಡುವಳು. ಹುಳದ ಔಷಧಿ ಆಯಿತು, ಚನ್ನರಾಯಪಟ್ಟಣದಲ್ಲಿ ಸ್ಕ್ಯಾನಿಂಗ್ ಆಯಿತು, ಹೊಕ್ಕುಳು ಸರಿದಿದೆ ಎಂದು ಎಣ್ಣೆ ಹಾಕಿ ನೀವಿಸಿದ್ದೂ ಆಯಿತು. ರಿಪೋರ್ಟೆಲ್ಲ ನಾರ್ಮಲ್. "ಸ್ಕೂಲ್ ತಪ್ಸೋಕೆ ನಾಟ್ಕ ಕಟ್ತೀಯಾ?" ಎಂದು ನಾನೇ ಆ ಮಗುವಿನ ಮುಖಕ್ಕೆ ಅಂದೆ.

ಹಾಸನದ ಮಕ್ಕಳ ಡಾಕ್ಟರು ಮೊದಲ ಸಲವೇ ಕೇಳಿದ್ದರು, "ಮನೇಲಿ ಯಾರಿಗಾದ್ರೂ ಅರೆತಲೆನೋವು ಇದೆಯಾ?" ಅಳಿಯನ ತಾಯಿ ಪಕ್ಕದಲ್ಲೇ ಇದ್ದರು. ಮಗಳು ಬಾಯಿ ತೆರೆಯುವಷ್ಟರಲ್ಲಿ ನಾನು, "ನಮ್ಮ ಕಡೆ ಯಾರಿಗೂ ಇಲ್ಲ ಸಾ" ಅಂದುಬಿಟ್ಟೆ. ಮಗಳು ನೆಲ ನೋಡಿದಳು. ಡಾಕ್ಟರು ಮತ್ತೆ ರಕ್ತಪರೀಕ್ಷೆಗೆ ಬರೆದರು.

ಹೋದ ಬೇಸಿಗೆ ರಜಕ್ಕೆ ಮೊಮ್ಮಗಳು ನಮ್ಮಲ್ಲಿದ್ದಳು. ತಪ್ಪಿಸಿಕೊಳ್ಳಲು ಸ್ಕೂಲೇ ಇಲ್ಲ, ಆದರೂ ನೋವು ಬಂತು. ಮಧ್ಯಾಹ್ನ ಕೋಣೆಗೆ ಹೋದರೆ ಕಿಟಕಿ ಮುಚ್ಚಿಕೊಂಡು, ಮಂಡಿ ಎದೆಗೆಳೆದುಕೊಂಡು, ಗೋಡೆ ಕಡೆ ತಿರುಗಿ ಮಲಗಿದ್ದಳು. "ಬಾಗ್ಲಾಕು ತಾತ, ಬೆಳಕು ಬೇಡ." ಅವಳ ತಾಯಿಯೂ ಇದೇ ಕೋಣೆಯಲ್ಲಿ ಹೀಗೇ ಮಲಗುತ್ತಿದ್ದಳು. ಅವಳಿಗೂ ನಾನು ನಾಟಕ ಅಂದಿದ್ದೆ.

ಮುಂದಿನ ಸಲ ಅವರು ಹಾಸನಕ್ಕೆ ಹೋಗುವ ದಿನ, ಕರೆಯದಿದ್ದರೂ ಹೊರಟೆ. ಅರಕಲಗೂಡಿನಲ್ಲಿ ಬಸ್ಸು ನಿಂತಾಗ ಇಳಿದು ವಾಪಸ್ ಹೋಗೋಣ ಅನ್ನಿಸಿತು. ಮಗಳು, ಬೀಗಿತ್ತಿ ಇಬ್ಬರೂ ಒಳಗಿದ್ದರು. ಡಾಕ್ಟರ ಮುಂದೆ ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಸಾ, ಓದ್ವರ್ಷ ಸುಳ್ಳು ಹೇಳ್ದೆ. ನನ್ ಮಗಳಿಗೆ ಅರೆತಲೆನೋವೈತೆ. ಚಿಕ್ಕೋಳಿದ್ದಾಗ ಇಂಗೇ ಹೊಟ್ಟೆನೋವು ಬತ್ತಿತ್ತು."

ಡಾಕ್ಟರು ಪೆನ್ನು ಕೆಳಗಿಟ್ಟು ಮಗಳನ್ನು ತುಂಬ ಹೊತ್ತು ವಿಚಾರಿಸಿದರು. ಹಳೇ ರಿಪೋರ್ಟುಗಳನ್ನು ಮತ್ತೆ ತಿರುವಿದರು. "ಇದು ಹೊಟ್ಟೆಗೆ ಬರೋ ಮೈಗ್ರೇನ್. ಕೆಲವು ಮಕ್ಕಳಿಗೆ ತಲೆಗೆ ಬದಲು ಹೊಟ್ಟೆಗೆ ಬರುತ್ತೆ. ಹೋದ ವರ್ಷವೇ ಹೇಳಬಾರದಿತ್ತಾ ಅಜ್ಜ?" ಅಂದರು.

ಹೊರಗೆ ಬಂದ ಮೇಲೆ ಬೀಗಿತ್ತಿ ನನ್ನ ಎದುರಿಗೇ ನಿಂತರು. "ಅಲ್ಲ ಬೀಗರೇ, ತಲೆನೋವಿಗೆ ಸೊಸೇನ ವಾಪಸ್ ಕಳಿಸ್ತಿದ್ವಾ? ತಲೆ ಸಿಡೀತಿದ್ರೂ ನನ್ ಮುಂದೆ ನಗ್ತಾ ಮುದ್ದೆ ತಿರುವಿದ್ಳಲ್ಲ! ಎಂಥಾ ಮನ್ಸ ನೀವು!"

 ಮೊಮ್ಮಗಳು ನನ್ನ ಕೈ ಎಳೆದಳು.

"ತಾತ, ಅಂಗಾರೆ ನಂದು ನಾಟ್ಕ ಅಲ್ವಾ?"

"ಅಲ್ಲ ಕಣವ್ವ."

"ಅಮ್ಮಂದು?"

"ಅಮ್ಮಂದೂ ಅಲ್ಲ."

ಬಸ್ ನಿಲ್ದಾಣದಲ್ಲಿ ಅವರ ಬಸ್ಸು ಮೊದಲು ಬಂತು. ಮಗಳು ಕಿಟಕಿ ಪಕ್ಕ ಕೂತು, ಅತ್ತೆಯ ಎದುರಿಗೇ ಸೆರಗನ್ನು ಹಣೆಗೆ ಬಿಗಿದು ಕಣ್ಣು ಮುಚ್ಚಿದಳು. ಆವತ್ತೂ ನೋವಿತ್ತೇನೋ. ನನ್ನ ಕಡೆ ತಿರುಗಲಿಲ್ಲ. ಅವರು ಹೋದ ಮೇಲೆ ನಾನು ಹತ್ತಬೇಕಿದ್ದ ಅರಕಲಗೂಡಿನ ಎರಡು ಬಸ್ಸು ಬಂದು ಹೋದವು. ನಾನು ಪ್ಲಾಟ್‌ಫಾರಂ ಮೇಲೆ ಅತ್ತಿಂದಿತ್ತ ನಡೆಯುತ್ತಲೇ ಇದ್ದೆ.