ಇಂಗಿಲ್ಲದ ಸಾರು

ಅನ್ನ ಬೆಂದದ್ದು ಅವರಿಗೆ ಕಿವಿಯಿಂದ ತಿಳಿಯುತ್ತಿತ್ತು. ದಪ್ಪ ಗಾಜಿನ ಕನ್ನಡಕಕ್ಕೆ ಹಬೆ ಹಿಡಿಯುತ್ತದೆಂದು ಅದನ್ನು ನೆತ್ತಿಯ ಮೇಲಕ್ಕೆ ಸರಿಸಿ, ಎಡಗಿವಿಯನ್ನು ದೊಡ್ಡ ಪಾತ್ರೆಯ ಕಡೆಗೆ ವಾಲಿಸಿ, ಒಂದು ಗಳಿಗೆ ಅಲುಗಾಡದೆ ನಿಲ್ಲುತ್ತಿದ್ದರು. ಆ ಕಿವಿಯ ಪಕ್ಕದ ನರೆಗೂದಲು ಸದಾ ಒದ್ದೆಯಾಗಿ ಕೆನ್ನೆಗೆ ಅಂಟಿಕೊಂಡಿರುತ್ತಿತ್ತು. “ನೀರಿನ ಸದ್ದು ಹೋಗಿ ಗಂಜಿಯ ಸದ್ದು ಬರ್ತದೆ. ಆಗ ಇಳಿಸುವುದು,” ಎಂದು ಒಮ್ಮೆ ಹೇಳಿದ್ದರು. ನಾನೂ ಮನೆಯಲ್ಲಿ ಪಾತ್ರೆಗೆ ಕಿವಿಗೊಟ್ಟು ನೋಡಿದ್ದೇನೆ. ನನಗೆ ಎಲ್ಲವೂ ಒಂದೇ ಸದ್ದು.

ಮೂಡುಬಿದಿರೆಯಿಂದ ಬಂಟ್ವಾಳಕ್ಕೆ ಹೋಗುವ ರಸ್ತೆಯ ಬದಿಯ ಒಂದು ಕನ್ನಡ ಶಾಲೆಯಲ್ಲಿ ಅವರು ಬಿಸಿಯೂಟದ ಅಡುಗೆಯವರಾಗಿದ್ದರು. ಮಕ್ಕಳಿಗೆ ಅಡುಗೆಯಕ್ಕ. ನನಗೂ ಅಕ್ಕ. ನನ್ನ ಮಗಳು ಆಗ ಅಲ್ಲಿ ಎರಡನೇ ತರಗತಿಯಲ್ಲಿದ್ದಳು. ನಾನು ಮಿಜಾರಿನ ಕಡೆ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತಿದ್ದೆ. ಹೆಂಡತಿ ಮಸ್ಕತ್‌ನಲ್ಲಿ ಕೆಲಸದಲ್ಲಿದ್ದಳು. ಹಾಗಾಗಿ ಮನೆಯ ಅಡುಗೆ ನನ್ನದೇ.

ನಾನು ವಿದ್ಯಾರ್ಥಿಯಾಗಿದ್ದಾಗಿನಿಂದ ದಿನಚರಿ ಬರೆಯುವವನು. ಬರೆದಿಟ್ಟದ್ದು ನೆನಪಿಗಿಂತ ನಂಬಿಕೆಗೆ ಯೋಗ್ಯ ಎಂದು ಬಹಳ ಕಾಲ ಅಂದುಕೊಂಡಿದ್ದೆ. ಈಗ ಎರಡರ ಮೇಲೂ ಅನುಮಾನ. ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡಬೇಕು: ಅಕ್ಕ ನನ್ನೊಡನೆ ಹೆಚ್ಚಾಗಿ ತುಳುವಿನಲ್ಲೇ ಮಾತಾಡುತ್ತಿದ್ದರು. ಅವರ ಮಾತನ್ನು ಕನ್ನಡದಲ್ಲಿ ಬರೆಯುವಾಗ ಎಷ್ಟು ಅವರದು ಉಳಿದಿದೆ, ಎಷ್ಟು ನನ್ನದು ಸೇರಿದೆ ಎಂದು ಖಚಿತವಾಗಿ ಹೇಳಲಾರೆ.

ಮಗಳಿಗೆ ಏಳು ವರ್ಷ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಉಬ್ಬಿಕೊಂಡಿರುತ್ತಿತ್ತು. ತಿಂದದ್ದು ನಿಲ್ಲುತ್ತಿರಲಿಲ್ಲ. ಹುಳದ ಮದ್ದು, ದೃಷ್ಟಿ ತೆಗೆಸುವುದು, ಹರಕೆ ಎಲ್ಲ ಮುಗಿದ ಮೇಲೆ ಮಂಗಳೂರಿನ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿ, ಹೊಟ್ಟೆಯೊಳಗೆ ಕೊಳವೆ ಇಳಿಸಿ ನೋಡಿ, ಇದು ಸೀಲಿಯಾಕ್ ಕಾಯಿಲೆ ಎಂದರು. ಗೋಧಿ ಅವಳ ಕರುಳನ್ನು ಕೆಡಿಸುತ್ತದೆ. ಗೋಧಿ, ಮೈದಾ, ರವೆ, ಯಾವುದೂ ಬೇಡ, ಚೂರೂ ಬೇಡ, ಜೀವಮಾನವಿಡೀ ಬೇಡ. ಔಷಧ ಇಲ್ಲ, ಪಥ್ಯವೇ ಔಷಧ. ಪ್ಯಾಕೆಟ್ಟಿನಲ್ಲಿ ಬಂದ ಏನನ್ನೇ ಆಗಲಿ ಸಣ್ಣ ಅಕ್ಷರಗಳನ್ನು ಓದಿಯೇ ಕೊಡಿ ಎಂದು ವೈದ್ಯರು ಎರಡೆರಡು ಸಲ ಹೇಳಿದರು.

ಕುಚ್ಚಿಲಕ್ಕಿ ಉಣ್ಣುವ ಊರಿನಲ್ಲಿ ಇದೇನು ಮಹಾ ಎಂದು ಅನ್ನಿಸಿತು. ಬಸ್‌ಸ್ಟ್ಯಾಂಡಿನ ಗೋಳಿಬಜೆ, ಬನ್ಸ್, ಬಿಸ್ಕೆಟ್, ಅಂಗಡಿಯ ಶಾವಿಗೆ ನಿಂತವು. ಮೀನು ಹುರಿಯುವಾಗ ಮೇಲೆ ಮೆತ್ತುವ ರವೆ ನಿಂತಿತು. ನಾನು ಎರಡು ಬಣ್ಣದ ಶಾಯಿಯಲ್ಲಿ ಪಟ್ಟಿ ಬರೆದು ಒಂದನ್ನು ಫ್ರಿಜ್ಜಿನ ಮೇಲೆ ಅಂಟಿಸಿದೆ, ಇನ್ನೊಂದನ್ನು ಜೂನ್‌ನಲ್ಲಿ ಶಾಲೆ ಶುರುವಾದ ದಿನ ಅಡುಗೆಮನೆಗೆ ಒಯ್ದೆ. ಮಗಳು ಆ ದಿನ ಕೇಳಿದ್ದು ನೆನಪಿದೆ, ದೊಡ್ಡವಳಾದ ಮೇಲೆ ಗೋಳಿಬಜೆ ತಿನ್ನಬಹುದಾ ಎಂದು. “ನೋಡುವ,” ಎಂದೆ. ಅದು ಸುಳ್ಳು ಎಂದು ನನಗೆ ಗೊತ್ತಿತ್ತು.

ಅಕ್ಕ ಪಟ್ಟಿಯನ್ನು ಕೈಗೆ ತೆಗೆದುಕೊಳ್ಳಲಿಲ್ಲ. “ಓದಿ ಮಾಷ್ಟ್ರೇ,” ಎಂದರು. ಓದಿದೆ. “ಇನ್ನೊಮ್ಮೆ ಓದಿ.” ಪಾತ್ರೆಗೆ ಕಿವಿಗೊಡುವಂತೆ ತಲೆ ವಾಲಿಸಿ ಕೇಳಿಸಿಕೊಂಡರು. ಆಮೇಲೆ ಎರಡು ಪ್ರಶ್ನೆ ಕೇಳಿದರು. ರವೆಯ ಸಜ್ಜಿಗೆ ತೊಳಸಿದ ಸೌಟನ್ನು ಇವಳ ಸಾರಿಗೆ ಹಾಕಬಹುದಾ? ಗೋಧಿ ಬೀಸಿದ ಮಿಲ್ಲಿನಲ್ಲಿ ಅಕ್ಕಿ ಬೀಸಿದರೆ ಆ ಹಿಟ್ಟು ಆಗ್ತದಾ? ಎರಡೂ ನನ್ನ ಪಟ್ಟಿಯಲ್ಲಿ ಇರಲಿಲ್ಲ. ಎರಡೂ ಕೂಡದು ಎಂದು ಮಂಗಳೂರಿಗೆ ಫೋನ್ ಮಾಡಿ ತಿಳಿದುಕೊಂಡೆ.

ಮಾರನೆಯ ದಿನ ಅವರು ತಮ್ಮ ಮನೆಯಿಂದ ಒಂದು ಚಿಕ್ಕ ಪಾತ್ರೆ ತಂದರು. ಒಂದು ಸೌಟಿಗೆ ಹಳೆಯ ಹಸಿರು ಸೀರೆಯ ಚೂರು ಕಟ್ಟಿ ಬೇರೆ ಮೊಳೆಗೆ ತೂಗುಹಾಕಿದರು. ಮುಖ್ಯೋಪಾಧ್ಯಾಯಿನಿ ಒಳ್ಳೆಯ ಮನಸ್ಸಿನಿಂದಲೇ, ಮಗು ಆಫೀಸಿನಲ್ಲಿ ಬೇರೆ ಕೂತು ಉಣ್ಣಲಿ ಎಂದು ಸೂಚಿಸಿದ್ದರು. ಅಕ್ಕ ಒಪ್ಪಲಿಲ್ಲ. “ಬೇರೆ ಪಾತ್ರೆ ಆಗ್ಬಹುದು ಟೀಚರ್. ಬೇರೆ ಸಾಲು ಬೇಡ,” ಎಂದರಂತೆ. ನನ್ನ ಹತ್ತಿರ ಆ ಮಾತು ಬಂದಾಗ, “ಬೇರೆ ಕೂತು ಉಂಡವರಿಗೆ ಗೊತ್ತಿರ್ತದೆ ಮಾಷ್ಟ್ರೇ,” ಎಂದಷ್ಟೇ ಹೇಳಿ ಬೆಂಕಿ ಸರಿಮಾಡಲು ಬಗ್ಗಿದರು. ಎಲ್ಲಿ, ಯಾವಾಗ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಸ್ವಾತಂತ್ರ್ಯ ದಿನಕ್ಕೆ ಆ ಶಾಲೆಯಲ್ಲಿ ಶಾವಿಗೆ ಪಾಯಸ ಮಾಡುವುದು ರೂಢಿ. ಆ ವರ್ಷ ಇಡೀ ಶಾಲೆಗೆ ಹೆಸರುಬೇಳೆ ಪಾಯಸ. ದೊಡ್ಡ ಮಕ್ಕಳು ಗೊಣಗಿದಾಗ, ಶಾವಿಗೆ ಬೇಕಾದವರು ಮನೆಗೆ ಹೋಗಿ ಅಮ್ಮನ ಹತ್ತಿರ ಹಟ ಮಾಡಿ, ಇಲ್ಲಿ ನನ್ನ ಹತ್ತಿರ ಮಾಡಿದರೆ ಪಾತ್ರೆ ತೊಳೆಯಲಿಕ್ಕೆ ಉಂಟು ಎಂದು ಗದರಿದರಂತೆ.

ಆದರೂ ಮಗಳು ಸುಧಾರಿಸಲಿಲ್ಲ. ಸಂಜೆಯಾದರೆ ಹೊಟ್ಟೆ ಹಿಡಿದು ಮುದುಡಿ ಮಲಗುತ್ತಿದ್ದಳು. ಡಿಸೆಂಬರಿನಲ್ಲಿ ಮತ್ತೆ ರಕ್ತ ಪರೀಕ್ಷೆ ಮಾಡಿಸಿದೆವು. ಅಂಕಿಗಳು ಇಳಿದಿರಲಿಲ್ಲ. ಎಲ್ಲಿಂದಲೋ ಗೋಧಿ ಹೋಗುತ್ತಲೇ ಇದೆ, ಹೀಗೇ ಆದರೆ ಬೆಳವಣಿಗೆ ನಿಂತುಹೋಗುತ್ತದೆ ಎಂದು ವೈದ್ಯರು ಹೇಳಿದರು. ಮನೆಯಲ್ಲಿ ನಾನೊಬ್ಬನೇ ಅಡುಗೆ ಮಾಡುವವನು. ಪಟ್ಟಿ ಫ್ರಿಜ್ಜಿನ ಮೇಲೆಯೇ ಇದೆ. ಹಾಗಾದರೆ ಉಳಿದದ್ದು ಶಾಲೆ. ಬಸ್ಸಿನಲ್ಲಿ ವಾಪಸು ಬರುವಾಗಲೇ ನಾನು ತೀರ್ಮಾನಿಸಿಬಿಟ್ಟಿದ್ದೆ.

ಸೋಮವಾರ ಊಟದ ಹೊತ್ತಿಗೆ ಶಾಲೆಗೆ ಹೋದೆ. ದಿನಚರಿಯಲ್ಲಿ ಅಂದು ಹೀಗಿದೆ: “ಅಡುಗೆಯವರ ಹತ್ತಿರ ಮಾತಾಡಿದೆ. ಸ್ವಲ್ಪ ಖಾರವಾಯಿತೇನೋ.” ಏನು ಮಾತಾಡಿದೆ ಎಂದು ಬರೆದಿಲ್ಲ. ನನಗೆ ನೆನಪಿರುವುದು, ಅಂದು ನಾನು ತುಳು ಬಿಟ್ಟು ಕನ್ನಡದಲ್ಲಿ ಮಾತಾಡಿದೆ ಎಂಬುದು. ಕಚೇರಿಯಲ್ಲಿ ಮಾತಾಡುವ ಹಾಗೆ, ನಿಧಾನವಾಗಿ, ಪೂರ್ಣ ವಾಕ್ಯಗಳಲ್ಲಿ. ಉಳಿದದ್ದನ್ನು ಮಗಳು ಎಷ್ಟೋ ವರ್ಷಗಳ ಮೇಲೆ ನನಗೆ ಹೇಳಿದಳು. ಅವಳು ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದಳಂತೆ. “ಓದಲು ಬಾರದವರ ಕೈಗೆ ಪಟ್ಟಿ ಕೊಟ್ಟದ್ದು ನನ್ನ ತಪ್ಪು,” ಎಂದೆನಂತೆ. ಮಕ್ಕಳೆಲ್ಲ ಕೇಳಿಸಿಕೊಂಡರಂತೆ.

ಈ ವಾಕ್ಯ ನನಗೆ ನೆನಪಿಲ್ಲ. ಆದರೆ ಮಗಳ ಬಾಯಲ್ಲಿ ಕೇಳಿದ ಕೂಡಲೇ ಅದು ನನ್ನದೇ ಎಂದು ಗೊತ್ತಾಯಿತು.

ಅಕ್ಕ ವಾದ ಮಾಡಲಿಲ್ಲ. ಅವರ ಉತ್ತರ ನನಗೆ ನೆನಪಿದೆ. “ಆಯ್ತು. ನಾಳೆಯಿಂದ ಬಾಲೆಯ ಊಟ ಮನೆಯಿಂದ ಕಳಿಸಿ. ನಾನು ಬಿಸಿ ಮಾಡಿ ಕೊಡ್ತೇನೆ.” ಕನ್ನಡ ಮಾತಾಡುವಾಗಲೂ ಅವರಿಗೆ ಮಗು ಬಾಲೆಯೇ. ನಾನು ಅಲ್ಲಿಗೆ ಬಿಡಲಿಲ್ಲ. ಅಡುಗೆಯವರನ್ನು ಬದಲಾಯಿಸಬೇಕೆಂದು ಒಂದು ಪತ್ರ ಬರೆದು ಮುಖ್ಯೋಪಾಧ್ಯಾಯಿನಿಗೆ ಕೊಟ್ಟೆ. ಮುಂದಿನ ಮಂಗಳವಾರ ಶಾಲಾ ಸಮಿತಿಯ ಸಭೆ ಉಂಟು, ಅಲ್ಲಿ ಇಡುತ್ತೇನೆ ಎಂದರು ಅವರು. ಸಮಿತಿ ಒಪ್ಪಿದರೆ, ಹದಿನಾರು ವರ್ಷ ಆ ಒಲೆಯ ಮುಂದೆ ನಿಂತಿದ್ದ ಹೆಂಗಸು ಆ ಸಭೆಯ ನಂತರ ಅಲ್ಲಿ ಇರುವಂತಿರಲಿಲ್ಲ.

ಮರುದಿನದಿಂದಲೇ ಮಗಳು ಬುತ್ತಿ ಒಯ್ದಳು. ನಾನು ಮಾಡಿದ ಅನ್ನ, ನಾನು ಮಾಡಿದ ಸಾರು. ಸಂಜೆಯ ಹೊಟ್ಟೆನೋವು ಮಾತ್ರ ಹಾಗೆಯೇ ಇತ್ತು. ಹಳೆಯದು ಹೋಗಲು ದಿನ ಬೇಕು ಎಂದು ಸಮಾಧಾನ ಮಾಡಿಕೊಂಡೆ.

ಆ ಭಾನುವಾರ ಬೆಳಿಗ್ಗೆ ಅಕ್ಕ ಮನೆಗೆ ಬಂದರು. ಕೈಯಲ್ಲಿ ಒಂದು ಕಟ್ಟು ಬಸಳೆ. ಪತ್ರದ ವಿಷಯ ಮಾತಾಡಲು ಬಂದಿದ್ದಾರೆ, ಬೇಡಿಕೊಳ್ಳುತ್ತಾರೆ ಎಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡೆ. ಕೂರಿ ಎಂದರೆ ಕೂರಲಿಲ್ಲ. ಬಸಳೆಯನ್ನು ನನ್ನ ಕೈಗಿಟ್ಟು, “ಅಡುಗೆಕೋಣೆ ಒಮ್ಮೆ ನೋಡುವ,” ಎಂದರು. ತುಳುವಿನಲ್ಲಿ. ಒಳಗೆ ಬಂದು ಒಲೆಯ ಪಕ್ಕದ ಡಬ್ಬಿಗಳನ್ನು ಒಂದೊಂದಾಗಿ ಮೂಗಿನ ಹತ್ತಿರ ಹಿಡಿದರು. ನಾಲ್ಕನೆಯದೋ ಐದನೆಯದೋ, ಹಳದಿ ಬಣ್ಣದ ಸಣ್ಣ ಡಬ್ಬಿ. ಅದನ್ನು ನನ್ನ ಮುಂದೆ ಹಿಡಿದರು.

“ಓದಿ ಮಾಷ್ಟ್ರೇ.”

“ಇಂಗು,” ಎಂದೆ.

“ಅದು ನನಗೂ ಗೊತ್ತುಂಟು. ಹಿಂದೆ ಸಣ್ಣದು ಬರೆದದ್ದು ಓದಿ.”

ಕಿಟಕಿಯ ಬೆಳಕಿಗೆ ಹಿಡಿದು ಓದಿದೆ. ಗೋಂದು, ಗೋಧಿ ಹಿಟ್ಟು, ಇಂಗು.

“ಇನ್ನೊಮ್ಮೆ ಓದಿ,” ಎಂದರು.

ಓದಿದೆ. ಸಾರಿಗೂ ಹಾಕುತ್ತಿದ್ದೆ, ಆದರೆ ನನ್ನ ಲೆಕ್ಕದಲ್ಲಿ ಇಂಗು ಅಡುಗೆಯ ಸಾಮಾನಲ್ಲ, ಮದ್ದು. ಚಿಕ್ಕಂದಿನಲ್ಲಿ ನನಗೆ ಹೊಟ್ಟೆನೋವು ಬಂದರೆ ಅಮ್ಮ ಮಜ್ಜಿಗೆಗೆ ಇಂಗು ಕದಡಿ ಕುಡಿಸುತ್ತಿದ್ದಳು. ನಾನೂ ಮಗಳಿಗೆ ದಿನಾ ಸಂಜೆ ಅದನ್ನೇ ಕೊಡುತ್ತಿದ್ದೆ. ನೋವು ಹೆಚ್ಚಾದ ದಿನ ಇನ್ನೊಂದು ಚಿಟಿಕೆ ಹೆಚ್ಚು. ಬಿಸ್ಕೆಟ್ಟು, ಸಾಸು, ಮಸಾಲೆಪುಡಿ ಎಲ್ಲದರ ಸಣ್ಣ ಅಕ್ಷರ ಓದಿದವನು, ಮದ್ದಿನ ಡಬ್ಬಿಯನ್ನು ತಿರುಗಿಸಿ ನೋಡಿರಲಿಲ್ಲ.

ಅಕ್ಕ ಹೇಳಿದರು: ನಾನು ಪಟ್ಟಿ ಓದಿದ ಆ ವಾರವೇ ಅವರು ಏಳನೇ ತರಗತಿಯ ಹುಡುಗಿಯರನ್ನು ಕೂರಿಸಿ ಶಾಲೆಯ ಅಡುಗೆಮನೆಯ ಒಂದೊಂದು ಪ್ಯಾಕೆಟ್ಟನ್ನೂ ಓದಿಸಿದ್ದರು. ಆಗಲೇ ಇಂಗು ಬಿಟ್ಟಿದ್ದರು. ಜೂನ್‌ನಿಂದ ಇಡೀ ಶಾಲೆಗೆ ಬೆಳ್ಳುಳ್ಳಿ ಒಗ್ಗರಣೆಯೇ. ಈ ವಾರ ಬುತ್ತಿಯ ಮುಚ್ಚಳ ತೆಗೆದಾಗ ಇಂಗಿನ ವಾಸನೆ ಬಂತು. ವಿಚಾರಿಸಿದಾಗ ಬಾಲೆ ಮಜ್ಜಿಗೆಯ ವಿಷಯ ಹೇಳಿತು. “ಇಂಗಿನ ವಿಷಯ ನಿಮಗೆ ಶಾಲೆ ಶುರುವಾದಾಗಲೇ ಹೇಳಿದ್ದೆ, ಗೇಟಿನ ಹತ್ತಿರ,” ಎಂದರು. ನನಗೆ ನೆನಪಾಗಲಿಲ್ಲ. ಹಾಗೆಂದೆ. ಅವರು ನೆತ್ತಿಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿ ನನ್ನನ್ನು ನೋಡಿದರು.

“ದಪ್ಪ ಕನ್ನಡಕ ನನ್ನದು ಮಾರಾಯ್ರೆ, ನಿಮ್ಮದಲ್ಲ.”

ಅವರು ಕೊಟ್ಟ ಪೆಟ್ಟು ಅದೊಂದೇ. ನಾನು ಮುಖ ಮುಚ್ಚಿಕೊಂಡು ಕೂತದ್ದನ್ನು ಕಂಡು, “ಕೆಟ್ಟದಾಗಲಿ ಅಂತ ಕೊಟ್ಟದ್ದಲ್ಲವಲ್ಲ,” ಎಂದು ಡಬ್ಬಿಯನ್ನು ತಾವೇ ಹೊರಗೆ ಒಯ್ದು ಎಸೆದರು. ಆಮೇಲೆ ಬಸಳೆಗೆ ಹಲಸಿನ ಬೀಜ ಹಾಕಿ ಮಾಡಿ ಎಂದು ಹೇಳಿ ಹತ್ತೂವರೆಯ ಬಸ್ಸಿಗೆ ಹೋದರು. ಪತ್ರದ ಬಗ್ಗೆ ಒಂದು ಮಾತೂ ಆಡಲಿಲ್ಲ.

ಸೋಮವಾರ ನಾನು ಪತ್ರ ವಾಪಸು ಕೇಳಿದೆ. ಫೈಲಿಗೆ ಹೋದದ್ದನ್ನು ತೆಗೆಯಲು ಬರುವುದಿಲ್ಲ, ಇನ್ನೊಂದು ಬರೆದುಕೊಡಿ ಎಂದರು. ತಪ್ಪು ನನ್ನ ಮನೆಯದೇ ಎಂದು ಬರೆದುಕೊಟ್ಟೆ. ಅಕ್ಕ ಒಲೆಯ ಮುಂದೆ ಉಳಿದರು. ಮಗಳು ಮತ್ತೆ ಹಸಿರು ಸೌಟಿನ ಸಾರು ಉಂಡಳು. ಏಪ್ರಿಲ್ ಹೊತ್ತಿಗೆ ಹೊಟ್ಟೆ ಇಳಿಯಿತು, ಮುಂದಿನ ಜೂನ್‌ನಲ್ಲಿ ಹಳೆಯ ಲಂಗಗಳು ಗಿಡ್ಡವಾದವು.

ನಾನು ಅಕ್ಕನ ಕ್ಷಮೆ ಕೇಳಿದೆನೇ? ಕೇಳಿದ ನೆನಪಿದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು, ಮಕ್ಕಳೆಲ್ಲ ಇರುವಾಗ, ತುಳುವಿನಲ್ಲಿ. ಆದರೆ ದಿನಚರಿಯಲ್ಲಿ ಅದಿಲ್ಲ, ಮಗಳಿಗೂ ಹಾಗೊಂದು ನಡೆದದ್ದು ಗೊತ್ತಿಲ್ಲ. ನನಗೆ ತೀರಾ ಬೇಕಾದ ನೆನಪು ಅದು. ಆದ್ದರಿಂದಲೇ ನಂಬಲು ಹೆದರುತ್ತೇನೆ.

ಇದನ್ನು ಬರೆಯಲೆಂದು ಆ ವರ್ಷದ ದಿನಚರಿಯ ಜೂನ್ ತಿಂಗಳ ಪುಟಗಳನ್ನು ಮೊದಲ ಬಾರಿ ಮತ್ತೆ ಓದಿದೆ. ಒಂದು ಗುರುವಾರದ ಕೊನೆಯ ಸಾಲು, ನನ್ನದೇ ಕೈಬರಹ: “ಗೇಟಿನ ಬಳಿ ಅಡುಗೆಯವರು ಇಂಗಿನ ಬಗ್ಗೆ ಏನೋ ಹೇಳಿದರು. ಬಸ್ಸು ಬಂತು.”

ವಯಸ್ಸಾಯಿತೆಂದು ಶಾಲೆ ಬಿಟ್ಟ ಮೇಲೆ ಅವರು ಕಕ್ಕಿಂಜೆಯಲ್ಲಿ ಮಗನ ಮನೆಯಲ್ಲಿದ್ದರು. ಬೆಳ್ತಂಗಡಿಗೆ ಹೋದಾಗ ಒಮ್ಮೊಮ್ಮೆ ಅಲ್ಲಿಯವರೆಗೆ ಹೋಗಿ ಬರುತ್ತಿದ್ದೆವು. ಕಣ್ಣು ಪೂರ್ತಿ ಮಂಜಾಗಿತ್ತು. ಮಗಳ ಹೆಜ್ಜೆಯ ಸದ್ದಿಗೇ, ಬಾಲೆ ಭಾರ ಆಗಿದೆ ಎಂದು ಸಂತೋಷಪಡುತ್ತಿದ್ದರು. ಕಳೆದ ಬೇಸಿಗೆಯಲ್ಲಿ ನಾಲ್ಕು ದಿನದ ಜ್ವರದಲ್ಲಿ ತೀರಿಕೊಂಡರು. ಸುದ್ದಿ ತಡವಾಗಿ ತಿಳಿಯಿತು. ಬೊಜ್ಜದ ದಿನ, ಉತ್ತರಕ್ರಿಯೆಯ ಊಟಕ್ಕೆ, ನಾನೂ ಮಗಳೂ ಹೋದೆವು. ಅವಳಿಗೀಗ ಹದಿನಾಲ್ಕು. ಇಂಥಲ್ಲಿ ಊಟಕ್ಕೆ ಕೂರುವುದಿಲ್ಲ, ಬುತ್ತಿ ತಂದಿದ್ದಳು. ಎಲ್ಲರೂ ಕೂತಾಗ ಅವಳು ಅಂಗಳದ ಬದಿಯ ಕಟ್ಟೆಯ ಕಡೆಗೆ ಹೊರಟಳು.

ಅಕ್ಕನ ಸೊಸೆ ಬಂದು ಅವಳ ಕೈ ಹಿಡಿದಳು. “ನೀನು ಸಾಲಿನಲ್ಲಿ ಕೂರು. ಯಾವುದಕ್ಕೂ ಇಂಗು ಹಾಕಿಸಲಿಲ್ಲ, ಗೋಧಿಯದ್ದು ಏನೂ ಇಲ್ಲ,” ಎಂದಳು. ಮತ್ತೆ ನನ್ನ ಕಡೆ ತಿರುಗಿ, “ಜ್ವರ ಇರುವಾಗಲೇ ಅತ್ತೆ ಹೇಳಿದ್ರು. ಬೊಜ್ಜಕ್ಕೆ ಮಾಷ್ಟ್ರು ಬರ್ತಾರೆ, ಬಾಲೆಯನ್ನೂ ಕರ್ಕೊಂಡು ಬರ್ತಾರೆ, ಅದು ಎಲ್ಲರ ಜೊತೆ ಕೂತು ಉಣ್ಣಬೇಕು ಅಂತ. ಅಡುಗೆಯವರು ಕೇಳಲಿಲ್ಲ, ನಾನೇ ಡಬ್ಬಿ ತೆಗೆದು ಕಪಾಟಿನಲ್ಲಿಟ್ಟು ಬೀಗ ಹಾಕಿದೆ,” ಎಂದಳು.

ಮಗಳು ನನ್ನ ಪಕ್ಕದಲ್ಲಿ ಎಲೆಯ ಮುಂದೆ ಕೂತಳು. ಸಾರು ಬಂತು. ನನ್ನ ಈಚೆ ಕೂತಿದ್ದ ಹಿರಿಯರೊಬ್ಬರು ಒಂದು ತುತ್ತು ಉಂಡು, “ಸಾರಿಗೆ ಎಂತದೋ ಕಡಿಮೆ ಆಗಿದೆ, ಅಲ್ವಾ?” ಎಂದರು.

ಮಗಳು ಬಡಿಸುವವರನ್ನು ಕರೆದು ಇನ್ನೊಮ್ಮೆ ಸಾರು ಹಾಕಿಸಿಕೊಂಡಳು.